ಗವುಸಿನ ಕರುಣೆ

ಬರಿಗೈಯಲ್ಲಿ ಗುದ್ದಾಡುತ್ತಿದ್ದ ಕಾಲದಿಂದಲೂ ಬಾಕ್ಸಿಂಗ್ ಕಣದ ಪಕ್ಕ ನೇತಾಡುತ್ತಿದ್ದ ಹಳೆಯ ಗಂಟೆಗೆ, ಚಂಗಪ್ಪನೆಂಬ ಆಟಗಾರನ ಕೈಗವುಸು ವಿರಾಮದ ಹೊತ್ತಿನಲ್ಲಿ ಹೇಳಿತು: “ಅಜ್ಜಾ, ಈ ಆಟಕ್ಕೆ ಮರ್ಯಾದೆ ಬಂದದ್ದೇ ನನ್ನಿಂದ. ಗವುಸಿಲ್ಲದೆ ಗುದ್ದಬಾರದೆಂದು ನಿಯಮ ಬರೆದವರಿಗೆ ಮುಖಗಳ ಮೇಲೆ ಎಷ್ಟು ಕರುಣೆ ನೋಡು!”

ಗಂಟೆಗೆ ಮೈಯೆಲ್ಲ ಉರಿಯಿತು. “ಕರುಣೆಯೇ? ಬಿದ್ದವನನ್ನು ಹೊಡೆಯಬಾರದೆಂದು ಮೊದಲು ಒಂದು ನಿಯಮ ಬಂತಲ್ಲ, ಅದು ಕರುಣೆ. ಅದು ಬರುವುದಕ್ಕೂ ಒಬ್ಬ ಸಾಯಬೇಕಾಯಿತು. ಆಗ ತಲೆಗೆ ಗುದ್ದಲು ಎಲ್ಲರೂ ಹೆದರುತ್ತಿದ್ದರು. ಬುರುಡೆಗೆ ತಾಗಿದರೆ ಗುದ್ದಿದವನ ಬೆರಳೇ ಮುರಿಯುತ್ತಿತ್ತು. ನೀನು ಬಂದೆ, ಆ ಹೆದರಿಕೆ ಹೋಯಿತು. ಈಗ ಗುದ್ದೆಲ್ಲ ತಲೆಗೇ!”

“ಮುದುಕರಿಗೆ ಹೊಸದು ಯಾವುದೂ ಹಿಡಿಸುವುದಿಲ್ಲ. ನನ್ನ ಮೈ ಎಷ್ಟು ಮೆತ್ತಗಿದೆ ಗೊತ್ತೇ?” ಎಂದಿತು ಗವುಸು.

ವಿರಾಮ ಮುಗಿಯಿತೆಂದು ಯಾರೋ ಗಂಟೆ ಬಾರಿಸಿದರು. ಚಂಗಪ್ಪ ಎದುರಾಳಿಯ ತಲೆಗೆ ಮೂರು ಬಾರಿ ಗುದ್ದಿದ. ಎದುರಾಳಿ ದೊಪ್ಪನೆ ಬಿದ್ದ. ತೀರ್ಪುಗಾರ ಹತ್ತರವರೆಗೆ ಎಣಿಸಿದರೂ ಅವನು ಏಳಲಿಲ್ಲ. ಚಂಗಪ್ಪನ ತರಬೇತುದಾರ ಬಿದ್ದವನನ್ನು ದಾಟಿಕೊಂಡು ಓಡಿಬಂದ. ಗವುಸನ್ನು ಬಿಚ್ಚಿ ನೆಲಕ್ಕೆಸೆದು, ಒಳಗಿದ್ದ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದ.

“ಕೈಗೇನೂ ಆಗಿಲ್ಲ ತಾನೇ, ಮಗಾ?”

ನೆಲದ ಮೇಲೆ ಬಿದ್ದಿದ್ದ ಗವುಸಿಗೆ ಗಂಟೆ ಹೇಳಿತು: “ಕೇಳಿಸಿತೇ? ಮುಖದ ಮೇಲೆ ಅಷ್ಟು ಕರುಣೆ ಇದ್ದಿದ್ದರೆ ನಿನ್ನನ್ನು ಮುಖಕ್ಕೇ ಕಟ್ಟುತ್ತಿದ್ದರು.”