ಗುಮ್ಮನ ಚೀಲದಲ್ಲಿ ಜಾಗ

ಹಾಲವ್ವನಿಗೆ ಒಬ್ಬನೇ ಮಗ, ತಿಪ್ಪೇಶ. ಇನ್ನೊಬ್ಬ ಬೇಡ ಅನ್ನಿಸುವುದಕ್ಕೆ ಅವನೊಬ್ಬ ಸಾಕಾಗಿದ್ದ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ಹೊರಟಿರಲಿಲ್ಲ. ಇವನಿಗೊಂದು ಮದುವೆಯಾದರೆ ಬುದ್ಧಿ ಹೇಳುವ ಕೆಲಸ ಸೊಸೆಗೆ ವರ್ಗವಾಗುತ್ತದೆ ಎಂಬುದೊಂದೇ ಅವಳ ಆಸೆ. ಹೆಣ್ಣು ಕೊಡುವವರು ಇರಲಿಲ್ಲ.

ಒಂದು ದಿನ ಹಾಲವ್ವ ಹಿಟ್ಟಿನ ಗಿರಣಿಗೆ ಹೊರಟಳು. ರಜೆಗೆ ಬಂದಿದ್ದ ಮಗಳ ಮಗಳು ಪುಟ್ಟಿಯ ಮುಂದೆ ತಟ್ಟೆ ಇಟ್ಟು, ತಿಪ್ಪೇಶನಿಗೆ "ಪುಟ್ಟಿ ಉಣ್ಣದಿದ್ರೆ ಗುಮ್ಮನ್ನ ಕರಿ" ಎಂದಳು.

ಪುಟ್ಟಿ ಉಣ್ಣಲಿಲ್ಲ. ತಿಪ್ಪೇಶ ಬೀದಿಗೆ ಹೋಗಿ ಕರೆದ. ಗುಮ್ಮ ಬರಲಿಲ್ಲ. ಪಕ್ಕದ ಬೀದಿಗೆ ಹೋಗಿ ಕರೆದ. ಅಲ್ಲೂ ಬರಲಿಲ್ಲ. ಬಸ್ ನಿಲ್ದಾಣದಲ್ಲಿ ವಿಚಾರಿಸಿದ. ಅಷ್ಟರಲ್ಲಿ ಪುಟ್ಟಿಯ ಅನ್ನವನ್ನು ಕೋಳಿ ಉಂಡು ಮುಗಿಸಿತ್ತು.

ಗಿರಣಿಯಿಂದ ಬಂದ ಹಾಲವ್ವ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದ, ಗುಮ್ಮ ಅಂತ ಯಾರೂ ಇಲ್ಲ ಕಣೋ. ಸುಮ್ನೆ ಹೆದರಿಸೋಕೆ ಹೇಳೋದು."

"ಮೊದಲೇ ಹೇಳಬಾರದಾ ಅವ್ವ."

ಮರುದಿನ ತಿಪ್ಪೇಶ ಮನೆಮನೆಗೂ ಹೋಗಿ ಮಕ್ಕಳಿಗೆಲ್ಲ ತಿಳಿಸಿಬಂದ: "ಗುಮ್ಮ ಇಲ್ಲ. ಸುಮ್ನೆ ಹೆದರಿಸೋಕೆ ಹೇಳೋದು." ಮಧ್ಯಾಹ್ನ ಬೀದಿಯಲ್ಲಿ ಒಂದು ಮಗುವೂ ಉಣ್ಣಲಿಲ್ಲ. ತಾಯಂದಿರು ಹಾಲವ್ವನ ಜಗಲಿ ಹತ್ತಿದರು.

"ನಿನ್ನ ಮಗ ಗುಮ್ಮನ್ನೇ ಇಲ್ಲದಂಗೆ ಮಾಡಿಬಿಟ್ಟ ಹಾಲಕ್ಕ. ಇನ್ನು ನಮ್ಮ ಮಕ್ಕಳಿಗೆ ನೀನೇ ಬಂದು ಉಣ್ಣಿಸು."

ಹಾಲವ್ವ ಗೋಣಿಚೀಲವೊಂದನ್ನು ಮಗನ ಮುಖಕ್ಕೆ ಎಸೆದಳು. "ಇವತ್ತಿಂದ ನೀನೇ ಗುಮ್ಮ. ಊಟ ಬೇಡ ಅಂದೋರನ್ನ ಇದರಲ್ಲಿ ತುಂಬು."

ತಿಪ್ಪೇಶ ತುಂಬಿದ. ಬೀದಿಯ ಮಕ್ಕಳ ತಟ್ಟೆ ಖಾಲಿಯಾಗತೊಡಗಿತು, ಕೆನ್ನೆ ಉಬ್ಬತೊಡಗಿತು. ಬೀದಿಗೆಲ್ಲ ಬೇಕಾದ ಹುಡುಗ ಎಂದು ಹೆಸರಾಯಿತು. ಹೆಸರು ಕೇಳಿ ಪಕ್ಕದೂರಿನ ಸಿದ್ಲಿಂಗಪ್ಪ ಮಗಳನ್ನು ಕೊಡಬಹುದೇ ಎಂದು ನೋಡಲು ಬಂದ.

ಹಾಲವ್ವ ಹೋಳಿಗೆ ತಂದಿಟ್ಟಳು. ಮರ್ಯಾದಸ್ಥರು ಮೊದಲ ಸಲಕ್ಕೇ ಹೂಂ ಅನ್ನುವುದಿಲ್ಲ.

"ಬೇಡ ಬೇಡ ತಾಯಿ, ಈಗ ತಾನೇ ಉಂಡು ಬಂದೆ" ಎಂದ ಸಿದ್ಲಿಂಗಪ್ಪ.

ಚೀಲ ಅವನ ತಲೆಯ ಮೇಲಿಂದ ಕೆಳಗಿಳಿಯಿತು.

"ತಿಂತೀನಪ್ಪ, ತಿಂತೀನಿ" ಎಂದಿತು ಚೀಲ.

ಹೊರಗೆ ಬಂದವನು ಹೋಳಿಗೆಯನ್ನಷ್ಟೇ ಅಲ್ಲ, ಚಿತ್ರಾನ್ನವನ್ನೂ ತಿಂದ. ಮಾತು ಗಟ್ಟಿಯಾಗದೆ ಬೀಗರ ಮನೆಯಲ್ಲಿ ಉಣ್ಣುವ ಪದ್ಧತಿ ಆ ಕಡೆ ಇಲ್ಲ. ಉಂಡ ಮೇಲೆ ಮಾತು ಗಟ್ಟಿಯಾಯಿತು ಎಂದು ಹಿರಿಯರು ತೀರ್ಮಾನಿಸಿದರು. ಸಿದ್ಲಿಂಗಪ್ಪ ಚೀಲದ ಕಡೆ ನೋಡಿ ಒಪ್ಪಿದ.

ಅವನು ಹೋದ ಮೇಲೆ ಹಾಲವ್ವ ಮಗನ ಕಿವಿ ಹಿಂಡಿದಳು. "ಕಂಡೋರ ಮನೆಯವರನ್ನೆಲ್ಲ ಚೀಲಕ್ಕೆ ತುಂಬ್ತೀಯೇನೋ? ತುಂಬೋದಾದ್ರೆ ನಮ್ಮ ಮನೆಯವರನ್ನ ತುಂಬು."

"ಆಯ್ತವ್ವ."

ಮದುವೆಯ ದಿನ ಬೆಳಿಗ್ಗೆ ತಿಪ್ಪೇಶ ಉಪ್ಪಿಟ್ಟಿಗೆ ಕೈ ಹಾಕಿದ. ಹಾಲವ್ವ ಕೈಗೆ ಹೊಡೆದಳು. "ತಾಳಿ ಕಟ್ಟೋವರೆಗೆ ಊಟ ಬೇಡ ಅನ್ನಬೇಕು. ಆ ಹುಡುಗಿನೂ ಏನೂ ತಿಂದಿಲ್ಲ."

"ಊಟ ಬೇಡ" ಎಂದ ತಿಪ್ಪೇಶ.

ಮುಹೂರ್ತ ಬಂತು. ಹುಡುಗಿ ಬಂದಳು. ವಾದ್ಯದವರು ಬಾರಿಸಿದರು. ಹುಡುಗ ಇಲ್ಲ. ಹುಡುಕಿ ಹುಡುಕಿ ಹಾಲವ್ವ ಅಡುಗೆಯವರ ಉಗ್ರಾಣಕ್ಕೆ ಬಂದರೆ, ಅಕ್ಕಿಮೂಟೆಗಳ ನಡುವೆ ಒಂದು ಗೋಣಿಚೀಲ ಉಸಿರಾಡುತ್ತಿತ್ತು.

"ಒಳಗೇನು ಮಾಡ್ತಿದ್ದೀಯೋ?"

"ನಾನು ನಮ್ಮ ಮನೆಯವನೇ ಅಲ್ವೇನವ್ವ? ಊಟ ಬೇಡ ಅಂದಿದ್ದೀನಿ."

"ಮುಹೂರ್ತ ಮೀರ್ತಾ ಇದೆ, ಏಳೋ. ಅಲ್ಲಿ ಹುಡುಗಿ ಕಾಯ್ತಿದ್ದಾಳೆ."

"ಅವಳೂ ತಿಂದಿಲ್ಲ, ಗೊತ್ತು. ಆದ್ರೆ ತಾಳಿ ಕಟ್ಟಿದ ಮೇಲಲ್ವಾ ನಮ್ಮ ಮನೆಯವಳಾಗೋದು? ಆಮೇಲೆ ಕಳಿಸು. ಜಾಗ ಬಿಟ್ಕೊಂಡೇ ಕೂತಿದ್ದೀನಿ."