ಸೀಗೆಕೆರೆಯ ಪಾಳಿಗುಂಡು

ಸೀಗೆಕೆರೆಯ ಏರಿಯ ಮೇಲೆ ಪಡುವಣಕ್ಕೆ ನಡೆದರೆ ತೂಬಿನ ಪಕ್ಕದಲ್ಲಿ ಆನೆಯೆತ್ತರದ ಒಂದು ಕರಿಗುಂಡು ಸಿಗುತ್ತದೆ. ಅದರ ಬುಡದಲ್ಲಿ ಇಬ್ಬರು ಒತ್ತಿಕೊಂಡು ಕೂರುವಷ್ಟು ಜಾಗ ಸವೆದು ನುಣ್ಣಗಾಗಿದೆ. ಗುಂಡಿಗೆ ಕುಂಕುಮ ಹಚ್ಚಿಲ್ಲ, ಮುಂದೆ ದೀಪವಿಲ್ಲ, ಹರಕೆಯ ಬಟ್ಟೆ ಕಟ್ಟಿದ ಗಿಡವೂ ಇಲ್ಲ. ಆದರೂ ಸುತ್ತಣ ಹಳ್ಳಿಯವರು ಅದರ ಮುಂದೆ ಚಪ್ಪಲಿ ಕಳಚಿಯೇ ಹಾಯುತ್ತಾರೆ. ಇದು ಯಾವ ದೇವರು ಎಂದು ಹೊರಗಿನವರು ಕೇಳಿದರೆ, ದೇವರಲ್ಲ, ಪಾಳಿಗುಂಡು ಎಂಬ ಉತ್ತರ ಬರುತ್ತದೆ. ಕೆರೆಯ ನೀರನ್ನು ಪಾಳಿಯ ಮೇಲೆ ಬಿಡುತ್ತಿದ್ದ ಜಾಗವಾದ್ದರಿಂದ ಈ ಹೆಸರು ಎಂದು ಅಲ್ಲಿ ನೆಟ್ಟ ಫಲಕ ಹೇಳುತ್ತದೆ. ಫಲಕ ಬರೆದವರು ಊರೊಳಗೆ ಬಂದು ಒಂದು ಲೋಟ ನೀರು ಕುಡಿದಿದ್ದರೂ ಸಾಕಿತ್ತು, ಯಾರಾದರೂ ತಿಪ್ಪಕ್ಕನ ಕತೆ ಹೇಳುತ್ತಿದ್ದರು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲವೋ ಅದಕ್ಕೂ ಮೊದಲೋ, ಈ ಕೆರೆಗೆ ಪಾಲಯ್ಯನೆಂಬ ನೀರುಗಂಟಿ ಇದ್ದನಂತೆ. ತಿಪ್ಪಕ್ಕ ಅವನ ಹೆಂಡತಿ. ತೂಬು ಎತ್ತಿ ಇಳಿಸಿ ಗದ್ದೆಗದ್ದೆಗೆ ನೀರು ಹಂಚುವುದು ಅವನ ಕೆಲಸ. ತಳದಲ್ಲಿ ಸಣ್ಣ ತೂತಿದ್ದ ತಾಮ್ರದ ಬಟ್ಟಲೊಂದನ್ನು ಕೊಪ್ಪರಿಗೆಯ ನೀರಿನಲ್ಲಿ ತೇಲಿಬಿಡುತ್ತಿದ್ದ. ಬಟ್ಟಲು ತುಂಬಿ ಮುಳುಗಿದರೆ ಒಬ್ಬರ ಪಾಳಿ ಮುಗಿಯಿತು. ಆಗ ಗುಂಡಿನ ಬಳಿ ನಿಂತು ಮುಂದಿನವರ ಹೆಸರು ಕೂಗುತ್ತಿದ್ದ. ಹೆಸರಿನವರು "ಇದೀನಿ" ಎಂದು ಓಗೊಟ್ಟು ಬಂದು, ತಮ್ಮ ಬಟ್ಟಲು ಮುಳುಗುವ ತನಕ ಅಲ್ಲಿಯೇ ಕೂರಬೇಕು. ಮೂರು ಕೂಗಿಗೂ ಓಗೊಡದಿದ್ದರೆ ಆ ಬೆಳೆಗೆ ನೀರಿಲ್ಲ. ಗೌಡನಿಗೂ ತಳವಾರನಿಗೂ ಇದು ಒಂದೇ ಕಟ್ಟಳೆ ಎನ್ನುತ್ತಾರೆ. ಇಂಥ ನೇರ ಮನುಷ್ಯನನ್ನು ಬಗ್ಗಿಸಲು ಜನ ಒಂದು ದಾರಿ ಹುಡುಕಿದರು. ಅರ್ಧ ಬಟ್ಟಲು ಹೆಚ್ಚು ನೀರಿನ ಆಸೆಗೆ ಒಬ್ಬ ಸೋರೆಬುರುಡೆಯಲ್ಲಿ ಸರಾಯಿ ತಂದಿಟ್ಟ. ಅದನ್ನು ಕಂಡು ಇನ್ನೊಬ್ಬ ತಂದ. ಎರಡು ವರ್ಷ ಕಳೆಯುವುದರೊಳಗೆ ಪಾಲಯ್ಯನಿಗೆ ಮುಖ ತೊಳೆಯುವ ಮೊದಲೇ ಸರಾಯಿ ಬೇಕಾಯಿತು. ಕುಡಿಸಿದವರೇ ಅವನನ್ನು ಕುಡುಕ ಎಂದು ಕರೆದರು. ಊರೆಂದರೆ ಹಾಗೆಯೇ.

ಒಂದು ದಿನ ಅವನು ತೂಬು ಎತ್ತಿಟ್ಟು ಮೈಮರೆತು ಮಲಗಿದ. ಬದುಗಳು ಒಡೆದು, ನಾಟಿ ಮಾಡಿದ್ದ ಪೈರು ಕೊಚ್ಚಿಹೋಯಿತು. ಊರು ಸೇರಿತು. ಕುಡಿದು ಕೆಟ್ಟವನಿಗೆ ಗಾಳಿ ಮೆಟ್ಟಿದೆ ಎಂಬುದು ಆ ಕಾಲದ ನಂಬಿಕೆ. ಅಂಥವನನ್ನು ಮಿಣಿಹಗ್ಗದಿಂದ ಈ ಗುಂಡಿಗೆ ಬಿಗಿದು ಎಲ್ಲರೂ ಬೆನ್ನು ತಿರುಗಿಸಿ ಹೋಗಿಬಿಡಬೇಕು. ತಿರುಗಿ ನೋಡಿದರೆ, ಅವನ ಕೂಗಿಗೆ ಓಗೊಟ್ಟರೆ, ಗಾಳಿ ಅವರಿಗೆ ಹತ್ತುತ್ತದೆ. ನಾಲ್ಕನೆಯ ಬೆಳಗ್ಗೆ ಬಂದು ಬಿಚ್ಚಬೇಕು. ಗಂಟು ಹಾಕುವುದೂ ಬಿಚ್ಚುವುದೂ ಪೂಜಾರಿ ಗಾದ್ರಜ್ಜನ ಪಾಲಿನ ಕೆಲಸ. ಆರು ವರ್ಷಗಳ ಹಿಂದೆ ತಿಪ್ಪಕ್ಕನ ಅಣ್ಣ ಬೊಮ್ಮಣ್ಣನನ್ನೂ ಹೀಗೆಯೇ ಕಟ್ಟಿದ್ದರು. ಎರಡನೆಯ ದಿನದ ಮಧ್ಯಾಹ್ನದ ತನಕ ಅವನು ತಂಗಿಯ ಹೆಸರು ಕೂಗುತ್ತಿದ್ದ. ಅದು ಕಿವಿಗೆ ಬೀಳಬಾರದೆಂದು ಅವಳು ಇಲ್ಲದ ರಾಗಿಗೂ ಬೀಸುಕಲ್ಲು ತಿರುಗಿಸಿದ್ದಳು. ನಾಲ್ಕನೆಯ ದಿನ ಗಾದ್ರಜ್ಜ ಬಿಚ್ಚಿದ್ದು ಹೆಣವನ್ನು.

ಪಾಲಯ್ಯನನ್ನು ಮಟಮಟ ಮಧ್ಯಾಹ್ನ ಬಿಗಿದು ಊರು ಬೆನ್ನು ತಿರುಗಿಸಿತು. ತಿಪ್ಪಕ್ಕ ತಿರುಗಲಿಲ್ಲ. ಧೈರ್ಯದಿಂದಲ್ಲ, ಕಾಲೇ ಬರಲಿಲ್ಲ. ಗಾಳಿ ಹತ್ತುತ್ತದೆಂಬ ಭಯ ಅವಳಿಗೆ ಎಲ್ಲರಷ್ಟೇ ಇತ್ತು. ಮತ್ತೆ ಬೀಸುಕಲ್ಲಿನ ಮುಂದೆ ಕೂರುವ ಭಯ ಅದಕ್ಕಿಂತ ಹೆಚ್ಚಿತ್ತು. ಅವಳು ಗಂಡನ ಕೈಗಂಟು ಸಡಿಲಿಸಿ, ಸೊಂಟದ ಹಗ್ಗ ಹಾಗೆಯೇ ಬಿಟ್ಟು, ಒದ್ದೆ ಬಟ್ಟೆ ಹಿಡಿದು ಪಕ್ಕದಲ್ಲಿ ಕುಳಿತಳು. ಸಂಜೆಯೊಳಗೆ ಅವನ ಕೈ ನಡುಗತೊಡಗಿತು. ಮರುದಿನ ಮೈಯೆಲ್ಲ ನಡುಗಿತು. ತೊಡೆಯ ಮೇಲೆ ಕೆಂಜಿಗದ ಇರುವೆಗಳು ಹರಿಯುತ್ತಿವೆ ಎಂದು ಚರ್ಮ ಕೆರೆದು ರಕ್ತ ಬರಿಸಿಕೊಂಡ. ಏರಿ ಒಡೆಯಿತು, ಊರು ಮುಳುಗಿತು ಎಂದು ಅರಚಿದ. ಒಮ್ಮೆ ಕಣ್ಣುಗುಡ್ಡೆ ಮೇಲೆ ಸಿಕ್ಕಿ, ಹಲ್ಲು ಕಚ್ಚಿಕೊಂಡು, ಮೈ ಬಿಲ್ಲಾಗಿ ಬಿದ್ದ. ಎಚ್ಚರವಾದಾಗ ಹೆಂಡತಿಯ ಗುರುತು ಹತ್ತದೆ ಅವಳ ಜುಟ್ಟು ಹಿಡಿದು ತಲೆಯನ್ನು ಗುಂಡಿಗೆ ಜಜ್ಜಿದ. ತಿಪ್ಪಕ್ಕ ಬಿಡಿಸಿಕೊಂಡು ದೂರ ನಿಂತಳು. ಒಂದು ಬುರುಡೆ ತಂದು ಬಾಯಿಗೆ ಸುರಿದರೆ ಇದೆಲ್ಲ ನಿಲ್ಲುತ್ತದಲ್ಲ ಎನಿಸಿತು. ಇವನು ಸತ್ತರೂ ನಿಲ್ಲುತ್ತದೆ ಎಂದೂ ಒಂದು ಗಳಿಗೆ ಅನಿಸಿತು. ಆಗ ಅವಳಿಗೆ ಗಾಳಿಗಿಂತ ತನ್ನ ಮನಸ್ಸಿನ ಬಗ್ಗೆಯೇ ಹೆಚ್ಚು ಹೆದರಿಕೆಯಾಯಿತು.

ಅಷ್ಟರಲ್ಲಿ ಪಾಲಯ್ಯ ಎದೆ ಬಿರಿಯುವಂತೆ ಕೂಗಿದ: "ಕರೇಗೌಡ್ರ ಪಾಳೀ!"

ಕೊಚ್ಚಿಹೋಗದೆ ಉಳಿದು, ತೂಬು ಎತ್ತುವವರಿಲ್ಲದೆ ಒಣಗುತ್ತಿದ್ದ ಪೈರು ನೋಡಲು ಬಂದಿದ್ದ ಕರೇಗೌಡ ಗದ್ದೆಯ ಬದುವಿನ ಮೇಲೆ ಗುಂಡಿಗೆ ಬೆನ್ನು ಹಾಕಿ ನಿಂತಿದ್ದ. ಕೂಗು ಕೇಳಿ ಅವನ ಕೈಯ ಕೋಲು ಜಾರಿತು. ಕಟ್ಟಿದವನ ಕೂಗಿಗೆ ಓಗೊಡಬಾರದು. ನೀರುಗಂಟಿಯ ಕೂಗಿಗೆ ಓಗೊಡದೆ ಇರುವಂತಿಲ್ಲ. ಎರಡೂ ಹಿರಿಯರು ಮಾಡಿದ ಕಟ್ಟಳೆಗಳೇ.

ತಿಪ್ಪಕ್ಕನಿಗೆ ದಾರಿ ಹೊಳೆಯಿತು. "ಗೌಡ್ರೇ, ನಿಮ್ಮ ಪಾಳಿ ಕೂಗವ್ನೆ! ಓಗೊಡ್ರಿ, ಇಲ್ದಿದ್ರೆ ಈ ಬೆಳೆಗೆ ನೀರು ತಪ್ಪುತೈತೆ!" ಎಂದು ಗಂಟಲು ಹರಿಯುವಂತೆ ಕೂಗಿದಳು.

ಗಾಳಿಯ ಭಯಕ್ಕೂ ಭತ್ತದ ಆಸೆಗೂ ಜಗಳ ಬಿದ್ದು ಭತ್ತ ಗೆದ್ದಿತು. ಗೌಡ ಕಣ್ಣು ಮುಚ್ಚಿಕೊಂಡೇ ತಡವರಿಸುತ್ತ ಬಂದು "ಇದೀನಿ" ಎಂದು ಕುಳಿತ. ತಿಪ್ಪಕ್ಕ ತೂಬು ಎತ್ತಿ ಬಟ್ಟಲು ತೇಲಿಬಿಟ್ಟಳು. ಪಾಲಯ್ಯನ ನಡುಕ ನಿಲ್ಲಲಿಲ್ಲ, ಆದರೆ ಅರಚಾಟ ನಿಂತಿತು. ಅವನ ಕಣ್ಣು ಬಟ್ಟಲಿಗೆ ನೆಟ್ಟಿತು. ಬಟ್ಟಲು ಮುಳುಗಿದಾಗ ಮುಂದಿನ ಹೆಸರು ಕೂಗಿದ. ತಿಪ್ಪಕ್ಕ ಆ ಮನೆಗೆ ಓಡಿದಳು. ಹೀಗೆ ಒಂದು ಮನೆಯ ಹಿಂದೆ ಇನ್ನೊಂದು ಮನೆ ಬಂದಿತು. ಮೊದಲು ಬಂದವರು ಬೆನ್ನು ಕೊಟ್ಟು ಕುಳಿತರು, ಆಮೇಲಿನವರು ಮಗ್ಗುಲಾಗಿ ಕುಳಿತರು, ಮೂರನೆಯ ದಿನದ ಹೊತ್ತಿಗೆ ಗಂಜಿ ತಂದು ಕುಡಿಸುವವರೂ ಆದರು. ಮೊದಲ ಬುರುಡೆ ತಂದಿಟ್ಟವನು ತನ್ನ ಪಾಳಿಯಲ್ಲಿ ಪಾಲಯ್ಯನ ಪಾದ ತಿಕ್ಕುತ್ತ ಅತ್ತನಂತೆ. ಗಾಳಿ ಯಾರಿಗೂ ಹತ್ತಲಿಲ್ಲ.

ನಾಲ್ಕನೆಯ ಬೆಳಗ್ಗೆ ಗಾದ್ರಜ್ಜ ಹಗ್ಗ ಬಿಚ್ಚಲು ಬಂದಾಗ ಅರ್ಧ ಊರು ಅಲ್ಲಿಯೇ ಇತ್ತು. ಪಾಲಯ್ಯನ ಕಣ್ಣು ತಿಳಿಯಾಗುತ್ತಿತ್ತು. ಅಷ್ಟರಲ್ಲಿ ಬಟ್ಟಲು ಮುಳುಗಿತು, ಅವನು ಕೂಗಿದ: "ಬೊಮ್ಮಣ್ಣನ ಪಾಳೀ!"

ಆರು ವರ್ಷದ ಹಿಂದಿನ ಸರದಿ ಅವನ ನಾಲಗೆಯ ಮೇಲೆ ಹಾಗೆಯೇ ಉಳಿದಿತ್ತು. ಪಾಲಯ್ಯ ಎರಡನೆಯ ಸಲ ಕೂಗಿದ. ಅವನ ದವಡೆ ಮತ್ತೆ ಅದುರತೊಡಗಿತು, ಕಣ್ಣು ಮೇಲೇರತೊಡಗಿತು. ಗಾದ್ರಜ್ಜ ಮುಖ ತಿರುಗಿಸಿದ. ಸತ್ತವನ ಹೆಸರಿಗೆ ಓಗೊಡುವುದೆಂದರೆ ಎಂಥ ಹೆಣ್ಣಿಗೂ ಜೀವ ಬಾಯಿಗೆ ಬರುವ ಮಾತು. ಮೂರನೆಯ ಕೂಗು ಬಂತು.

"ಇದೀನಿ ಅಣ್ಣಾ," ಎಂದಳು ತಿಪ್ಪಕ್ಕ. "ಇಲ್ಲೇ ಇದೀನಿ ಕಣಣ್ಣಾ. ಎಲ್ಲೂ ಹೋಗಾಕಿಲ್ಲ."

ಹಾಗೆನ್ನುತ್ತ ಗಂಡನ ಪಕ್ಕದಲ್ಲಿ ಕುಸಿದು, ಆರು ವರ್ಷ ತಡೆದಿಟ್ಟಿದ್ದ ಅಳುವನ್ನೆಲ್ಲ ಅತ್ತಳು. ಗಾದ್ರಜ್ಜ ಬಗ್ಗಿ, ಬಟ್ಟಲಿನ ನೀರು ಚೆಲ್ಲಿ ಮತ್ತೆ ತೇಲಿಬಿಟ್ಟ. ಆಮೇಲೆ ಮಿಣಿಹಗ್ಗವನ್ನು ಬಿಚ್ಚಿ, ತುಂಡುತುಂಡಾಗಿ ಕೊಯ್ದು ಕೋಡಿಯ ಕೆಳಗೆ ಎಸೆದು ಬಂದು, ತಿಪ್ಪಕ್ಕನ ಇನ್ನೊಂದು ಪಕ್ಕಕ್ಕೆ ಕುಳಿತ. ಪಾಲಯ್ಯ ಅಂದಿಗೇ ಕುಡಿತ ಬಿಟ್ಟು ಸಾಧುವಾದ ಎಂದು ಹೇಳುವವರೂ ಇದ್ದಾರೆ, ನಂಬಬೇಡಿ. ಎರಡು ಸಲ ಮತ್ತೆ ಜಾರಿದನಂತೆ. ಎರಡು ಸಲವೂ ತಾನೇ ನಡೆದು ಬಂದು ಈ ಗುಂಡಿನ ಬುಡದಲ್ಲಿ ಕುಳಿತು ಊರನ್ನು ಕೂಗಿದನಂತೆ. ಊರು ಬಂತು. ಗುಂಡಿಗೆ ಪಾಳಿಗುಂಡು ಎಂಬ ಹೆಸರು ಬಿದ್ದದ್ದು ಆಮೇಲೆ ಎನ್ನುತ್ತಾರೆ.

ಈಗ ತೂಬಿಗೆ ಕಬ್ಬಿಣದ ಚಕ್ರ ಬಂದಿದೆ, ನೀರುಗಂಟಿಯಿಲ್ಲ. ಆದರೂ ಕುಡಿತ ಬಿಡಲು ಹೊರಟವರನ್ನು, ಮನಸ್ಸು ಕದಡಿದವರನ್ನು ಮನೆಯವರು ಇಲ್ಲಿಗೆ ಕರೆತರುತ್ತಾರೆ. ಆಸ್ಪತ್ರೆಗೆ ತೋರಿಸದೆ ಬಂದವರನ್ನು ಊರಿನ ಹೆಂಗಸರು ಬೈದು ಬಸ್ಸು ಹತ್ತಿಸುತ್ತಾರೆ. "ಮಾತ್ರೆ ಡಾಕ್ಟ್ರು ಕೊಡ್ಲಿ, ಕೂರೋದು ನಾವು ಕೂರ್ತೀವಿ" ಎನ್ನುತ್ತಾರೆ. ತೋರಿಸಿ ಬಂದವರು ಗುಂಡಿನ ಬುಡದಲ್ಲಿ ಕುಳಿತು, ಹೆದರಿಕೆ ಏರಿದಾಗ ಬಾಯಿಗೆ ಬಂದ ಹೆಸರು ಕೂಗುತ್ತಾರೆ. ಆ ಹೆಸರಿನವರು ಊರಿನಲ್ಲಿ ಇರಲೇಬೇಕೆಂದಿಲ್ಲ, ಬದುಕಿರಬೇಕೆಂದೂ ಇಲ್ಲ. ಕೆರೆಯಲ್ಲಿ ಬಟ್ಟೆ ಒಗೆಯುತ್ತಿರುವವರಲ್ಲೋ ಎಮ್ಮೆ ಮೈತೊಳೆಯುತ್ತಿರುವವರಲ್ಲೋ ಯಾರಾದರೊಬ್ಬರು ತಲೆಯೆತ್ತದೆಯೇ "ಇದೀನಿ" ಎನ್ನುತ್ತಾರೆ, ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂರುತ್ತಾರೆ.