ಕೋಟೆ ಬಾಗಿಲು ಮತ್ತು ತಗಡಿನ ಬಾಗಿಲು

ಜನಗಣತಿಗೆ ಬಂದ ಗುಬ್ಬಚ್ಚಿಯನ್ನು ನಗರದ ಕೋಟೆ ಬಾಗಿಲು ಗದರಿಸಿತು: "ನನ್ನೊಳಗಿನ ಒಲೆಗಳನ್ನಷ್ಟೇ ಎಣಿಸು. ಹೊರಗಿನ ಗುಡಿಸಲುಗಳಿಗೂ ನಗರಕ್ಕೂ ಸಂಬಂಧವಿಲ್ಲ." ಗುಬ್ಬಚ್ಚಿ ಹಾಗೇ ಬರೆದುಕೊಂಡಿತು.

ಮೂರು ಗಣತಿ ಕಳೆಯುವಷ್ಟರಲ್ಲಿ ಒಳಗಿನ ಮನೆಗಳೆಲ್ಲ ಅಂಗಡಿ, ಗೋದಾಮುಗಳಾದವು. ಹೊರಗೆ ಕೋಟೆಯ ಹತ್ತರಷ್ಟು ಊರು ಬೆಳೆಯಿತು. ನಾಲ್ಕನೆಯ ಸಲ ಗುಬ್ಬಚ್ಚಿಯ ಮೊಮ್ಮಗಳು ಬಂದು ಒಳಗೆಲ್ಲ ಹಾರಾಡಿ, "ತಾತ, ನಿನ್ನೊಳಗೆ ಒಂದು ಒಲೆಯೂ ಉರಿಯುತ್ತಿಲ್ಲ. ನಿನ್ನನ್ನು ಯಾವ ಊರಿಗೆ ಸೇರಿಸಲಿ?" ಎಂದಳು.

ಆಗ ಹೊರಗಿನ ಗುಡಿಸಲೊಂದರ ತಗಡಿನ ಬಾಗಿಲು ಕೂಗಿ ಹೇಳಿತು: "ನಮ್ಮ ಜೊತೇಲೇ ಬರ್ಕೊಳ್ಳಮ್ಮ. ದಿನಾ ನಮ್ಮೋರು ಕೆಲಸಕ್ಕೆ ಹೋಗೋದು ಅವನನ್ನ ದಾಟಿಕೊಂಡೇ. ಅವನು ನಮ್ಮವನೇ."

ನಾಚಿಕೆಯಿಂದ ಕದ ಹಾಕಿಕೊಂಡುಬಿಡೋಣ ಎನ್ನಿಸಿತು ಕೋಟೆ ಬಾಗಿಲಿಗೆ. ಆದರೆ ಆ ಗುಡಿಸಲಿನವರು ಬುತ್ತಿ ಹಿಡಿದು ಕೆಲಸಕ್ಕೆ ಬರುತ್ತಿದ್ದರು. ಅವರ ಕಣ್ಣೆದುರೇ ಅದು ತೆರೆದುಕೊಂಡೇ ನಿಲ್ಲಬೇಕಾಯಿತು.